ಹಳೆಯ ಮಾರುತಿಯ ಪೆಟ್ರೋಲ್ ಪೈಪ್ ಸೋರಿದಾಗ: ತುಂಡು ಜೋಡಿಸುವುದೋ, ಪೂರ್ತಿ ಬದಲಿಸುವುದೋ?

ಜೋರು ಮಳೆಯ ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ಬೆಳಗ್ಗೆ ಬಚ್ಚಲಿನ ಒಲೆಗೆ ಬೆಂಕಿ ಹಾಕಲು ಹೋದ ನನ್ನ ಹೆಂಡತಿ ಕಡ್ಡಿ ಗೀರದೆ ಹಾಗೆಯೇ ಹಿಂದೆ ಬಂದಳು. "ಪೆಟ್ರೋಲಿನ ವಾಸನೆ ಬರುತ್ತಿದೆ, ಒಮ್ಮೆ ನೋಡಿ" ಎಂದಳು. ಕಾರು ನಿಲ್ಲಿಸುವ ಕೊಟ್ಟಿಗೆಯಿಂದ ಅಂಗಳಕ್ಕೆ ಹರಿಯುತ್ತಿದ್ದ ಮಳೆನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪೊರೆ ತೇಲುತ್ತಿತ್ತು. ಅಲ್ಲಿಂದ ಒಲೆಗೆ ಹದಿನೈದು ಹೆಜ್ಜೆಯೂ ಇಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯ ಹಾಗೆ ಮೇಲೇರಿ ಚದುರಿಹೋಗುವುದಿಲ್ಲ, ನೆಲ ಹಿಡಿದು ತಗ್ಗಿನ ಕಡೆಗೆ ತೆವಳುತ್ತದೆ. ನೂರು ಪಾಲು ಗಾಳಿಯಲ್ಲಿ ಒಂದೂವರೆ ಪಾಲು ಆವಿ ಬೆರೆತಿದ್ದರೂ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಆ ದಿನ ಅವಳ ಮೂಗು ನಮ್ಮ ಮನೆಯನ್ನು ಕಾಯಿತು ಎಂದೇ ನಾನು ನಂಬಿದ್ದೇನೆ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಅಡಿಕೆ ತೋಟದ ಮನೆ. ಕಾರು 1997ರ ಮಾರುತಿ 800, ತಂದೆಯವರು ಕೊಂಡದ್ದು. ಆ ಮಳೆಗಾಲ ಮುಗಿಯುವುದರೊಳಗೆ ಉಪ್ಪಳದಲ್ಲಿರುವ ಭಾವನ ಕಾರೂ ಸೋರತೊಡಗಿತು. ಅದೂ ಮಾರುತಿ 800, ಆದರೆ 2005ರದ್ದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಅಚ್ಚಿನವು. ಹಾಗಾಗಿ ನನ್ನ ಕಾರಿಗೆ ಮಾಡಿದ್ದನ್ನೇ ಅವನ ಕಾರಿಗೂ ಮಾಡಿದರಾಯಿತು ಎಂದುಕೊಂಡೆವು. ಹಾಗೆ ಮಾಡಿದ್ದರೆ ದೊಡ್ಡ ತಪ್ಪಾಗುತ್ತಿತ್ತು. ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ, ತಯಾರಿ ನಿಂತದ್ದು 2014ರ ಜನವರಿಯಲ್ಲಿ. ಕಾಸರಗೋಡಿನ ಒಳದಾರಿಗಳಲ್ಲಿ ಅದು ಇನ್ನೂ ಓಡುತ್ತಲೇ ಇದೆ. ಮುಳ್ಳೇರಿಯ, ಪೆರ್ಲ, ಪೈವಳಿಕೆ ಕಡೆಯ ಇಕ್ಕಟ್ಟಿನ ಏರುದಾರಿಗಳಲ್ಲಿ ಅಡಿಕೆ ಚೀಲ ಹಾಕಿಕೊಂಡು ಹೋಗಲು ಅಷ್ಟು ಒಗ್ಗುವ ಕಾರು ಇನ್ನೊಂದಿಲ್ಲ. ಇಂಥ ಕಾರನ್ನು ಉಳಿಸಿಕೊಳ್ಳಬೇಕು ಎನ್ನುವವರು ಪೈಪಿನ ವಿಷಯದಲ್ಲಿ ಯಾವ ದಾರಿ ಹಿಡಿಯಬೇಕು ಎಂಬುದನ್ನು, ಎರಡು ಕಾರುಗಳ ಅಡಿಯಲ್ಲಿ ಮಲಗಿ ಕಲಿತಷ್ಟನ್ನು ಇಲ್ಲಿ ಹೇಳುತ್ತೇನೆ.

ಮೊದಲು ತಿಳಿಯಬೇಕಾದದ್ದು: ಪಂಪ್ ಎಲ್ಲಿದೆ?

ಯಾವ ಪೈಪ್ ಕೊಳ್ಳಬೇಕು ಎಂಬ ಪ್ರಶ್ನೆ ಆಮೇಲಿನದು. ನಿಮ್ಮ ಕಾರಿನಲ್ಲಿ ಪೆಟ್ರೋಲ್ ಪಂಪ್ ಎಂಜಿನ್ ಬಳಿ ಇದೆಯೋ, ಟ್ಯಾಂಕಿನ ಒಳಗಿದೆಯೋ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ಇರುವ ಹಳೆಯ 800ರಲ್ಲಿ ಪಂಪ್ ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಎಂಜಿನ್ ತಿರುಗಿದಾಗ ಅದು ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಎಂದರೆ ಕಾರಿನ ತಳದ ಉದ್ದಕ್ಕೂ ಬರುವ ಪೈಪಿನಲ್ಲಿ ಒತ್ತಡವಿಲ್ಲ, ಎಳೆತವಿದೆ. ಅಲ್ಲಿ ತೂತು ಬಿದ್ದರೆ ಕಾರು ಓಡುವಾಗ ಪೆಟ್ರೋಲ್ ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಹೆಚ್ಚು. ಏರಿನಲ್ಲಿ ಕಾರು ಸೋಲುತ್ತದೆ, ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ನಾವು ಎರಡು ತಿಂಗಳು ಪ್ಲಗ್ಗನ್ನೂ ಕಾರ್ಬ್ಯುರೇಟರನ್ನೂ ದೂರುತ್ತ ಕಳೆದೆವು. ಹನಿ ಬೀಳುತ್ತಿದ್ದುದು ಟ್ಯಾಂಕ್ ತುಂಬಿಸಿದ ದಿನ ಮಾತ್ರ. ನಮ್ಮ ಕಡೆ ಮಂಗಳೂರಿಗೆ ಹೋದವರು ಬರುವಾಗ ತಲಪಾಡಿಯ ಗಡಿಯಾಚೆ ಟ್ಯಾಂಕ್ ತುಂಬಿಸಿಕೊಂಡೇ ಬರುವುದು ವಾಡಿಕೆ, ಕರ್ನಾಟಕದಲ್ಲಿ ಬೆಲೆ ಕಡಿಮೆ ಎಂದು. ಟ್ಯಾಂಕಿನಲ್ಲಿ ಪೆಟ್ರೋಲಿನ ಮಟ್ಟ ಪೈಪಿನ ತೂತಿಗಿಂತ ಮೇಲಿದ್ದರೆ, ಕಾರು ನಿಂತಾಗ ಅದು ತಾನಾಗಿಯೇ ಇಳಿದು ಹನಿಯುತ್ತದೆ. ಮಟ್ಟ ಇಳಿದ ಮೇಲೆ ಸುಮ್ಮನಾಗುತ್ತದೆ. ಸುಮ್ಮನಾಯಿತು ಎಂದು ನಾವೂ ಸುಮ್ಮನಾಗಿದ್ದೆವು. ಟ್ಯಾಂಕ್ ತುಂಬಿಸಿದ ದಿನ ಮಾತ್ರ ವಾಸನೆ ಬರುವುದಾದರೆ ಇನ್ನೂ ಒಂದು ಕಡೆ ನೋಡಬೇಕು: ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ದಪ್ಪ ರಬ್ಬರ್ ಮತ್ತು ಅದರ ಪಕ್ಕದ ಸಣ್ಣ ಗಾಳಿಪೈಪ್.

ಸುಮಾರು 2000ದಿಂದ ಈಚೆಗೆ ಬಂದ, ಕಾರ್ಬ್ಯುರೇಟರಿನ ಬದಲು ಇಂಜೆಕ್ಟರುಗಳು ಪೆಟ್ರೋಲ್ ಚಿಮುಕಿಸುವ ಎಂಪಿಎಫ್‌ಐ ಕಾರುಗಳ ಕಥೆ ಬೇರೆ. ಅಲ್ಲಿ ಪಂಪ್ ವಿದ್ಯುತ್ತಿನದು, ಟ್ಯಾಂಕಿನ ಒಳಗೆ ಕುಳಿತಿರುತ್ತದೆ, ಪೆಟ್ರೋಲನ್ನು ಹಿಂದಿನಿಂದ ಮುಂದಕ್ಕೆ ತಳ್ಳುತ್ತದೆ. ಒತ್ತಡ ಮೂರು ಬಾರ್‌ನ ಆಸುಪಾಸು. ಕಾರಿನ ಟೈರಿಗೆ ನಾವು ಹಾಕಿಸುವ ಗಾಳಿಗಿಂತ ಅದು ಹೆಚ್ಚು. ಕಾರ್ಬ್ಯುರೇಟರ್ ಕಾರಿನ ಪಂಪಿನಿಂದ ಮುಂದಕ್ಕೆ ಹೋಗುವ ಪೈಪಿನಲ್ಲಿ ಇದರ ಹತ್ತರಲ್ಲೊಂದು ಪಾಲು ಒತ್ತಡವಿದ್ದರೆ ಹೆಚ್ಚು. ಭಾವನ ಕಾರಿನಲ್ಲಿ ಕೀಲಿ ತಿರುಗಿಸಿದ ಕೂಡಲೇ ಹಿಂದಿನ ಚಕ್ರದ ಮುಂದೆ ಮಂಜಿನಂತೆ ಸಣ್ಣ ಸಿಂಚನ ಕಾಣಿಸಿತು. ಹನಿಗಿಂತ ಈ ಸಿಂಚನವೇ ಹೆಚ್ಚು ಅಪಾಯ. ಬಿಸಿ ಸೈಲೆನ್ಸರ್ ಪೈಪೂ ಅದೇ ತಳದಲ್ಲಿ ಹಾದುಹೋಗುತ್ತದೆ. ಎಂಪಿಎಫ್‌ಐ ಕಾರಿನ ತಳದ ಪೈಪ್ ಸೋರುತ್ತಿದೆ ಎಂದು ಕಂಡ ಮೇಲೆ ಅದನ್ನು ವರ್ಕ್‌ಶಾಪಿಗೆ ಓಡಿಸಿಕೊಂಡು ಹೋಗಬೇಡಿ. ಎಳೆಸಿಕೊಂಡು ಹೋಗಿ, ಇಲ್ಲವೇ ಮೆಕ್ಯಾನಿಕರನ್ನು ಮನೆಗೆ ಕರೆಸಿ.

ರಬ್ಬರ್ ಪೈಪ್: ಮೀಟರಿಗೆ ಸಿಗುವುದೆಲ್ಲ ಒಂದೇ ಅಲ್ಲ

ಟ್ಯಾಂಕಿನ ಮೇಲೆ, ಫಿಲ್ಟರಿನ ಎರಡು ಕಡೆ, ಎಂಜಿನ್ನಿನ ಬಳಿ ಕಬ್ಬಿಣದ ಪೈಪಿಗೆ ಸಣ್ಣ ರಬ್ಬರ್ ಪೈಪುಗಳನ್ನು ಜೋಡಿಸಿರುತ್ತಾರೆ. ಹಳೆಯ ಕಾರಿನಲ್ಲಿ ಮೊದಲು ಸೋರುವುದು ಇವೇ. ರಿಪೇರಿ ಸುಲಭ, ಹಾಗಾಗಿಯೇ ಅಸಡ್ಡೆಯೂ ಹೆಚ್ಚು.

ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಸುರುಳಿ ಸುತ್ತಿ ನೇತುಹಾಕಿರುವ ಕಪ್ಪು ಪೈಪುಗಳಲ್ಲಿ ನೀರಿನದು, ಗಾಳಿಯದು, ಪೆಟ್ರೋಲಿನದು ಎಲ್ಲವೂ ಇರುತ್ತವೆ. ಕಣ್ಣಿಗೆ ಒಂದೇ ಹಾಗೆ ಕಾಣುತ್ತವೆ. ನನ್ನ ಕಾರಿಗೆ ಹಿಂದೊಮ್ಮೆ ಒಂದು ಕಡೆ ಹಾಕಿಕೊಟ್ಟದ್ದು ಯಾವ ಬರಹವೂ ಇಲ್ಲದ ಪೈಪ್. ಒಂದೂವರೆ ವರ್ಷದಲ್ಲಿ ಅದು ಹೇಗಾಗಿತ್ತೆಂದರೆ, ತುದಿಯನ್ನು ಬಗ್ಗಿಸಿದರೆ ಬೇಸಿಗೆಯ ಗದ್ದೆಯಂತೆ ಬಿರುಕು ಬಾಯಿಬಿಡುತ್ತಿತ್ತು. ಉಳಿ ಹಾಕಿ ಸೀಳಿ ನೋಡಿದರೆ ಒಳಗಿನ ಪದರ ಊದಿ ಮೆತ್ತಗಾಗಿ ಕೈಗೆ ಕಪ್ಪು ಹತ್ತುತ್ತಿತ್ತು. ಹೊರಗೆ ಒಣಗಿ, ಒಳಗೆ ಕೊಳೆತು, ಎರಡೂ ಕಡೆಯಿಂದ ಸತ್ತ ಪೈಪ್.

ಪೈಪಿನ ಮೈಮೇಲೆ ಬಿಳಿ ಅಥವಾ ಹಳದಿ ಅಕ್ಷರಗಳಲ್ಲಿ ಅಚ್ಚಾದ ದರ್ಜೆಯನ್ನು ಓದಿ ಕೊಳ್ಳಿ. ಎಸ್‌ಎಇ ಜೆ30 ಎಂಬ ಇಂಧನ ಪೈಪುಗಳ ಮಾನದಂಡದಲ್ಲಿ ನಮಗೆ ಬೇಕಾದವು ಎರಡು. ಆರ್7 ಎಂಬುದು ಕಾರ್ಬ್ಯುರೇಟರ್ ಕಾರಿನ ಕಡಿಮೆ ಒತ್ತಡಕ್ಕೆ. ಆರ್9 ಎಂಬುದು ಎಂಪಿಎಫ್‌ಐ ಒತ್ತಡಕ್ಕೆ, ಒಳಗೆ ಎಥೆನಾಲ್‌ಗೂ ಜಗ್ಗದ ಫ್ಲೋರೋ ರಬ್ಬರಿನ ಪದರವಿರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಕಾರ್ಬ್ಯುರೇಟರ್ ಕಾರಿಗೂ ಆರ್9 ಹಾಕಿ. ಒತ್ತಡಕ್ಕಾಗಿ ಅಲ್ಲ, ಎಥೆನಾಲಿಗಾಗಿ. ನೂರಕ್ಕೆ ಇಪ್ಪತ್ತು ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಈಗ ಬಂಕಿನಲ್ಲಿ ನಮಗೆ ಸಿಗುವುದು ಅದೇ. 1997ರ ಕಾರಿನ ರಬ್ಬರ್ ಅದನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಲ್ಲ. ಇಡೀ ಕಾರಿನ ರಬ್ಬರ್ ತುಂಡುಗಳನ್ನೆಲ್ಲ ಆರ್9ಗೆ ಬದಲಿಸಿದರೂ ತಗಲುವ ಹಣ ಒಂದು ಟ್ಯಾಂಕ್ ಪೆಟ್ರೋಲಿನದ್ದನ್ನು ಮೀರುವುದಿಲ್ಲ. ಹತ್ತು ವರ್ಷದ ನೆಮ್ಮದಿಗೆ ಅದು ದುಬಾರಿಯಲ್ಲ. ಒಂದು ಎಚ್ಚರಿಕೆ: ಟ್ಯಾಂಕಿನ ಒಳಗೆ ಪೆಟ್ರೋಲಿನಲ್ಲೇ ಮುಳುಗಿರುವ ತುಂಡಿಗೆ ಆರ್9 ಆಗದು. ಹೊರಮೈ ಪೆಟ್ರೋಲಿನಲ್ಲಿ ನೆನೆಯಲು ಮಾಡಿದ್ದಲ್ಲ ಅದು. ಅಲ್ಲಿಗೆ ಆರ್10 ದರ್ಜೆಯದೇ ಬೇಕು.

ಒಂದು ತುಂಡು ಸೋರಿದರೆ ಅದೊಂದನ್ನೇ ಬದಲಿಸುವುದೋ, ಎಲ್ಲವನ್ನೂ ಬದಲಿಸುವುದೋ? ಇದರಲ್ಲಿ ನನಗೆ ಎರಡು ಮನಸ್ಸಿಲ್ಲ. ಎಲ್ಲವನ್ನೂ ಒಂದೇ ದಿನ ಬದಲಿಸಿ. ಒಂದೇ ದಿನ ಕಾರ್ಖಾನೆಯಲ್ಲಿ ಹಾಕಿದ ರಬ್ಬರುಗಳಿಗೆ ಒಂದೇ ವಯಸ್ಸು. ಒಂದು ಹೋಯಿತೆಂದರೆ ಮುಂದಿನ ಸರದಿ ಅದರ ಪಕ್ಕದ್ದು.

ಆದರೆ ಹೊಸ ರಬ್ಬರೇ ಸೋರುವುದೂ ಉಂಟು, ಅದಕ್ಕೆ ಕಾರಣ ವಯಸ್ಸಲ್ಲ. ಅಡಿಕೆ ಸುಲಿದ ಸಿಪ್ಪೆ, ತೆಂಗಿನಕಾಯಿ ರಾಶಿ ಇರುವ ಕೊಟ್ಟಿಗೆಯಲ್ಲಿ ಇಲಿ ಹೆಗ್ಗಣ ಇಲ್ಲದಿರುವುದಿಲ್ಲ. ಮಳೆಗಾಲದಲ್ಲಿ ಅವು ಬೆಚ್ಚಗಿನ ಎಂಜಿನ್ ಹುಡುಕಿಕೊಂಡು ಬಂದು ಹಲ್ಲು ಮಸೆಯುವುದು ಇದೇ ಪೈಪಿನ ಮೇಲೆ. ಹಲ್ಲಿನ ಗುರುತು ಜೋಡಿಯಾಗಿ ಕಾಣುತ್ತದೆ. ಸೂಜಿಯಿಂದ ಚುಚ್ಚಿದಂತೆ ದುಂಡಗಿನ ಒಂದೇ ತೂತು ಇದ್ದರೆ ಅದು ಇಲಿಯದ್ದಲ್ಲ, ಕೊರಕ ದುಂಬಿಯದ್ದು. ಒಣಗುತ್ತಿರುವ ಮರ ಎಥೆನಾಲಿನ ವಾಸನೆ ಬಿಡುತ್ತದೆ, ಆ ವಾಸನೆ ಹಿಡಿದು ಮರ ಕೊರೆಯಲು ಬರುವ ಕಾಳಿನಷ್ಟು ಚಿಕ್ಕ ದುಂಬಿಗಳಿವೆ. ಎಥೆನಾಲ್ ಬೆರೆತ ಪೆಟ್ರೋಲಿನ ಪೈಪನ್ನೂ ಅವು ಮರವೆಂದೇ ತಿಳಿದು ಕೊರೆಯುತ್ತವೆ. ಕೇರಳದಲ್ಲಿ ಹೀಗೆ ಸೋರಿದ ಕಾರುಗಳು ಹಲವು. ಮರಗಳ ನೆರಳಿನಲ್ಲಿ ಕಾರು ನಿಲ್ಲಿಸುವ ನಾವು ಇದನ್ನು ಕಟ್ಟುಕಥೆ ಎಂದು ತಳ್ಳಿಹಾಕುವಂತಿಲ್ಲ. ಎರಡಕ್ಕೂ ಮದ್ದು ಒಂದೇ: ಪೈಪಿನ ಮೇಲೆ ಲೋಹದ ಹೆಣಿಗೆಯ ಕವಚ, ಮತ್ತು ರಬ್ಬರಿನ ಉದ್ದ ಎಷ್ಟು ಕಡಿಮೆ ಸಾಧ್ಯವೋ ಅಷ್ಟು ಕಡಿಮೆ.

ಕ್ಲಿಪ್ಪಿನ ಮಾತು ಹೇಳದೆ ಮುಂದೆ ಹೋಗಲಾರೆ. ಅಡ್ಡಡ್ಡ ಸೀಳುಗಳಿರುವ ಮಾಮೂಲಿ ಸ್ಕ್ರೂ ಕ್ಲಿಪ್ ಬಿಗಿ ಮಾಡಿದಷ್ಟೂ ಅದರ ಅಂಚು ರಬ್ಬರಿನೊಳಗೆ ಇಳಿದು ಕತ್ತರಿಸುತ್ತದೆ. ಅಂಚು ಹೊರಕ್ಕೆ ಮಡಚಿದ, ಒಳಮೈ ನುಣುಪಾದ, ನಟ್-ಬೋಲ್ಟಿನಿಂದ ಬಿಗಿಯುವ ಕ್ಲಿಪ್ಪುಗಳು ಬೇರೆ ಸಿಗುತ್ತವೆ. ಎಂಪಿಎಫ್‌ಐ ಕಾರಿಗೆ ಅವೇ ಆಗಬೇಕು. ಕಾರ್ಬ್ಯುರೇಟರ್ ಕಾರಿಗೆ ಕಾರ್ಖಾನೆಯವರು ಹಾಕಿದ್ದ ಸ್ಪ್ರಿಂಗ್ ಕ್ಲಿಪ್ ತುಕ್ಕು ಹಿಡಿಯದಿದ್ದರೆ ಸಾಕು. ಕಬ್ಬಿಣದ ಪೈಪಿನ ತುದಿಯಲ್ಲಿ ಒಂದು ಉಬ್ಬು ಇರುತ್ತದೆ, ರಬ್ಬರ್ ಅದನ್ನು ದಾಟಿ ಒಂದು ಇಂಚಾದರೂ ಒಳಕ್ಕೆ ಹೋಗಬೇಕು. ಕ್ಲಿಪ್ ಕೂರಬೇಕಾದದ್ದು ಉಬ್ಬಿನ ಆಚೆಗೆ, ಅದರ ಮೇಲಲ್ಲ.

ಕಬ್ಬಿಣದ ಪೈಪ್: ಇಲ್ಲಿದೆ ನಿಜವಾದ ಆಯ್ಕೆ

ನನ್ನ ಕಾರಿನಲ್ಲಿ ಸೋರಿದ್ದು ರಬ್ಬರಲ್ಲ, ಚಾಲಕನ ಸೀಟಿನ ಅಡಿಯಲ್ಲಿ ಹಾದುಹೋಗುವ ಕಬ್ಬಿಣದ ಪೈಪ್. ಅದನ್ನು ತಳಕ್ಕೆ ಹಿಡಿದಿಡುವ ಪ್ಲಾಸ್ಟಿಕ್ ಹಿಡಿಕೆಯೊಂದರಲ್ಲಿ ಮುರಕಲ್ಲಿನ ಕೆಂಪು ಮಣ್ಣು ಗಟ್ಟಿಯಾಗಿ ತುಂಬಿಕೊಂಡಿತ್ತು. ಸ್ಕ್ರೂಡ್ರೈವರಿನಿಂದ ಎಬ್ಬಿಸಿದಾಗ ಒಳಗೆ ಇನ್ನೂ ತೇವ. ಮಣ್ಣು ತೊಳೆದು ನೋಡಿದರೆ ಹಿಡಿಕೆಯ ಆಚೆ ಈಚೆ ಪೈಪ್ ನುಣ್ಣಗೆ ಇದೆ, ಬಣ್ಣವೂ ಇದೆ. ಹಿಡಿಕೆಯ ಒಳಗಿನ ಎರಡು ಬೆರಳಗಲ ಮಾತ್ರ ಪದರ ಪದರವಾಗಿ ಎದ್ದಿದೆ. ಉಗುರು ತಾಗಿಸಿದ್ದಕ್ಕೆ ಒಂದು ಚೂರು ಕಳಚಿತು, ಅದರ ಹಿಂದೆಯೇ ಪೆಟ್ರೋಲ್ ಬೊಟ್ಟಿನಂತೆ ಮೂಡಿತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ, ಪಡುವಣದಿಂದ ಉಪ್ಪುಗಾಳಿ, ನೀರು ಹಿಡಿದಿಡುವ ಮಣ್ಣು. ಮೂರೂ ಕೂಡಿದಲ್ಲಿ ಕಬ್ಬಿಣ ಉಳಿಯುವುದು ಕಷ್ಟ. ಅದೇ ಕಾರಣಕ್ಕೆ ಹಿಡಿಕೆಗಳನ್ನು ಒಂದೊಂದಾಗಿ ಬಿಚ್ಚಿ ನೋಡದೆ ತೀರ್ಮಾನ ಮಾಡಬೇಡಿ. ಹದಿನೈದು ವರ್ಷ ತುಂಬಿ ಆರ್‌ಸಿ ನವೀಕರಿಸುವಾಗ ತಳಕ್ಕೆ ಕಪ್ಪು ಬಣ್ಣ ಬಳಿಸಿದ ಕಾರಾದರೆ ಇನ್ನೂ ಹೆಚ್ಚು ಎಚ್ಚರ ಬೇಕು. ಆ ಬಣ್ಣದ ಕೆಳಗೆ ತುಕ್ಕು ಅಡಗಿ ಕುಳಿತಿರುತ್ತದೆ.

ಈಗ ಎರಡು ದಾರಿ. ಕೆಟ್ಟ ಭಾಗವನ್ನಷ್ಟೇ ಕತ್ತರಿಸಿ ನಡುವೆ ರಬ್ಬರ್ ತುಂಡು ಜೋಡಿಸುವುದು ಒಂದು. ಟ್ಯಾಂಕಿನಿಂದ ಎಂಜಿನ್ನಿನವರೆಗೆ ಹೊಸ ಪೈಪ್ ಹಾಕುವುದು ಇನ್ನೊಂದು.

ತುಂಡು ಜೋಡಿಸುವುದು ಕಾರ್ಬ್ಯುರೇಟರ್ ಕಾರಿನಲ್ಲಿ, ಪಂಪಿನ ಹಿಂದಿನ ಎಳೆತದ ಭಾಗದಲ್ಲಿ ಒಪ್ಪಬಹುದಾದ ರಿಪೇರಿ. ಆದರೆ ನಾಲ್ಕು ಮಾತು ಪಾಲಿಸಿದರೆ ಮಾತ್ರ. ಉಳಿದ ಪೈಪ್ ಉಗುರಿಗೂ ಸ್ಕ್ರೂಡ್ರೈವರಿಗೂ ಗಟ್ಟಿಯಾಗಿ ನಿಲ್ಲಬೇಕು. ಕತ್ತರಿಸಿದ ತುದಿಗಳಿಗೆ ಫ್ಲೇರಿಂಗ್ ಉಪಕರಣದಿಂದ ಉಬ್ಬು ಮೂಡಿಸಬೇಕು. ಬೋಳು ತುದಿಯ ಮೇಲೆ ರಬ್ಬರ್ ಎಷ್ಟು ಬಿಗಿದರೂ ಒಂದು ದಿನ ಜಾರುತ್ತದೆ. ರಬ್ಬರಿನ ಉದ್ದ ನಾಲ್ಕೈದು ಇಂಚು ಮೀರಬಾರದು. ಜೋಡಿಸಿದ ಜಾಗ ಸೈಲೆನ್ಸರಿನಿಂದ ದೂರವಿರಬೇಕು. ಹ್ಯಾಕ್ಸಾ ಗರಗಸದ ಬದಲು ಪೈಪ್ ಕಟರ್ ಬಳಸಿ. ಗರಗಸದ ಕಬ್ಬಿಣದ ಹುಡಿ ಪೈಪಿನೊಳಗೆ ಹೋಗಿ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಾದ ಜೆಟ್ಟಿನಲ್ಲಿ ಕೂರುತ್ತದೆ, ಜೊತೆಗೆ ಕಿಡಿಯ ಭಯ ಬೇರೆ.

ನನ್ನ ಕಾರಿಗೆ ಹೀಗೆಯೇ ಮಾಡಿಸುವ ಯೋಚನೆಯಿತ್ತು. ಉಳಿದ ಐದು ಹಿಡಿಕೆಗಳನ್ನು ಬಿಚ್ಚಿದಾಗ ಇನ್ನೆರಡು ಕಡೆ ಪೈಪ್ ತೆಳುವಾಗಿದ್ದುದು ಕಂಡಿತು. ಮೂರು ಕಡೆ ತುಂಡು ಜೋಡಿಸಿದರೆ ಆರು ಜೋಡಣೆ, ಆರು ಕ್ಲಿಪ್. ಎಳೆತದ ಪೈಪಿನಲ್ಲಿ ಒಂದೊಂದು ಜೋಡಣೆಯೂ ಗಾಳಿ ಸೇರಿಕೊಳ್ಳಲು ಒಂದೊಂದು ಬಾಗಿಲು. ಒಂದೇ ಕಡೆ ತುಕ್ಕು ಹಿಡಿದಿದ್ದರೆ ತುಂಡು, ಎರಡನೆಯ ಕಡೆ ಕಂಡರೆ ಪೂರ್ತಿ ಪೈಪ್: ನಾನು ಈಗ ಯಾರು ಕೇಳಿದರೂ ಹೇಳುವುದು ಇಷ್ಟೇ.

ಎಂಪಿಎಫ್‌ಐ ಕಾರಿನ ಒತ್ತಡದ ಪೈಪಿಗೆ ತುಂಡು ಜೋಡಣೆ ಬೇಡ. ಮೂರು ಬಾರ್ ಒತ್ತಡದಲ್ಲಿ ಕ್ಲಿಪ್ ಒಂದು ಕೂದಲೆಳೆ ಸಡಿಲವಾದರೂ ಸಿಂಚನ ಶುರುವಾಗುತ್ತದೆ, ಅದೂ ಕಣ್ಣಿಗೆ ಬೀಳದ ತಳದಲ್ಲಿ. ಉಪ್ಪಳದಲ್ಲಿ ಭಾವನ ಕಾರು ನೋಡಿದ ಹಿರಿಯ ಮೆಕ್ಯಾನಿಕ್ ಒಬ್ಬರು ಹೇಳಿದ ಮಾತು ನೆನಪಿದೆ: "ಮಾಷ್ಟ್ರೇ, ತುಂಡು ಹಾಕಿ ಕೊಡಲು ನನಗೆ ಅರ್ಧ ಗಂಟೆ ಸಾಕು. ಆದರೆ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರು. ನಾನು ಹಾಕುವುದಿಲ್ಲ." ಸಂಪಾದನೆ ಬಿಟ್ಟುಕೊಟ್ಟು ಹೀಗೆ ಹೇಳುವವರ ಕೈಗೆ ಕಾರು ಕೊಡಲು ನನಗೆ ಯಾವ ಅಂಜಿಕೆಯೂ ಇಲ್ಲ.

ಇನ್ನು ಇಡೀ ಕಬ್ಬಿಣದ ಪೈಪನ್ನು ಬಿಟ್ಟು ಟ್ಯಾಂಕಿನಿಂದ ಎಂಜಿನ್‌ವರೆಗೂ ರಬ್ಬರನ್ನೇ ಎಳೆಯುವ ರೂಢಿಯೂ ನಮ್ಮಲ್ಲಿದೆ. ಬಹಳ ಅಗ್ಗ, ಬಹಳ ಬೇಗ. ದಯವಿಟ್ಟು ಒಪ್ಪಬೇಡಿ. ಜಲ್ಲಿ ಎದ್ದ ದಾರಿಯಲ್ಲಿ ಸಿಡಿಯುವ ಕಲ್ಲು, ಸೈಲೆನ್ಸರಿನ ಶಾಖ, ಇಲಿ, ದುಂಬಿ ಎಲ್ಲದಕ್ಕೂ ಮೂರು ಮೀಟರ್ ರಬ್ಬರನ್ನು ಒಡ್ಡಿದಂತಾಗುತ್ತದೆ.

ಹೊಸ ಪೈಪ್ ಯಾವುದರದ್ದು?

ಮೊದಲು ಕಂಪನಿಯ ಅಸಲಿ ಪೈಪ್ ಕೇಳಿ. ಬಾಗುಗಳೆಲ್ಲ ಸರಿಯಾಗಿರುತ್ತವೆ, ಹಿಡಿಕೆಗಳಿಗೆ ತಾನಾಗಿ ಕೂರುತ್ತದೆ. ಕಾಸರಗೋಡಿನಲ್ಲಿ ಸಿಗದಿದ್ದರೆ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿನಲ್ಲಿ ವಿಚಾರಿಸಬೇಕಾಗುತ್ತದೆ. ಹೊರಡುವ ಮೊದಲು ಕಾರಿನ ಚಾಸಿ ನಂಬರ್ ಹೇಳಿ ಫೋನಿನಲ್ಲೇ ಕೇಳಿಕೊಳ್ಳಿ. ಎಂಪಿಎಫ್‌ಐ ಕಾರಿಗೆ ಇದು ಸಿಕ್ಕಿದರೆ ಬೇರೇನೂ ಯೋಚಿಸುವುದು ಬೇಡ.

ಸಿಗದಿದ್ದರೆ ಬ್ರೇಕ್ ಪೈಪಿಗೆ ಬಳಸುವಂಥ, ಎರಡು ಸುತ್ತು ಸುತ್ತಿ ಬೆಸೆದ ಉಕ್ಕಿನ ಪೈಪನ್ನು ಹಳೆಯ ಪೈಪಿನ ಅಳತೆಗೆ ಬಗ್ಗಿಸಿಕೊಡುವವರಿದ್ದಾರೆ. ಹಳೆಯ ಪೈಪನ್ನು ಮುರಿಯದೆ, ಬಾಗು ಕೆಡಿಸದೆ ಪೂರ್ತಿಯಾಗಿ ತೆಗೆದು ಅಚ್ಚಿಗೆಂದು ಒಯ್ಯಿರಿ. ಹೊರಗಿನ ದಪ್ಪವನ್ನು ವರ್ನಿಯರಿನಿಂದ ಅಳೆಯಿರಿ; 8 ಮಿಲಿಮೀಟರಿನ ಜಾಗಕ್ಕೆ 6 ಮಿಲಿಮೀಟರಿನದನ್ನು ಹಾಕಿಸಿಕೊಂಡು ಆಮೇಲೆ ಎಳೆಯುವ ಶಕ್ತಿ ಇಲ್ಲವೆಂದು ಎಂಜಿನ್ನನ್ನು ದೂರಿ ಫಲವಿಲ್ಲ. ನನ್ನ ಕಾರಿಗೆ ನಾನು ಆರಿಸಿದ್ದು ಇದನ್ನೇ. ಜೋಡಿಸುವ ಮೊದಲು ತುಕ್ಕು ತಡೆಯುವ ಬಣ್ಣ ಎರಡು ಸಲ ಬಳಿದು, ಹಿಡಿಕೆ ಬರುವ ಜಾಗದಲ್ಲೆಲ್ಲ ಗ್ರೀಸ್ ಮೆತ್ತಿ ಕೂರಿಸಿದೆವು.

ತಾಮ್ರದ ಪೈಪ್ ನೋಡಲು ಚಂದ, ಕೈಯಲ್ಲೇ ಬಾಗುತ್ತದೆ, ಫ್ರಿಜ್ ರಿಪೇರಿಯವರ ಬಳಿ ಸುಲಭವಾಗಿ ಸಿಗುತ್ತದೆ. ಅದಕ್ಕೇ ಅನೇಕರು ಮರುಳಾಗುತ್ತಾರೆ. ಕಾರಿನ ಅದುರುವಿಕೆಗೆ ತಾಮ್ರ ದಿನೇ ದಿನೇ ಬಿರುಸಾಗುತ್ತ ಹೋಗಿ ಒಂದು ದಿನ ಬಾಗಿನಲ್ಲಿ ಸೀಳುತ್ತದೆ. ಪೆಟ್ರೋಲ್ ಬೇಗ ಹಳಸಿ ಅಂಟು ಕಟ್ಟುವುದಕ್ಕೂ ತಾಮ್ರವೇ ದಾರಿ ಮಾಡಿಕೊಡುತ್ತದೆ. ತಾಮ್ರಕ್ಕೆ ನೂರಕ್ಕೆ ಹತ್ತರಷ್ಟು ನಿಕಲ್ ಬೆರೆಸಿ ಮಾಡಿದ ಪೈಪ್ ಬೇರೆಯೇ ಜಾತಿ. ಉಪ್ಪಿಗೆ ಹೆದರದು, ಬಿರುಸಾಗುವುದೂ ಕಡಿಮೆ. ಸಿಕ್ಕಿದರೆ ಕಡಲ ತಡಿಯ ಮಂಜೇಶ್ವರ, ಕುಂಬಳೆಯವರಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಬೆಲೆ ಮಾತ್ರ ಹೆಚ್ಚು.

ಹೊಸ ಕಾರುಗಳಲ್ಲಿ ನೈಲಾನ್ ಪೈಪ್ ಬರುತ್ತದೆ. ತುಕ್ಕಿನ ಮಾತೇ ಇಲ್ಲ. ಆದರೆ ಅದಕ್ಕೆ ತಕ್ಕ ತುದಿಗಳು ಬೇಕು, ಸೈಲೆನ್ಸರಿನಿಂದ ದೂರ ಸಾಗುವ ದಾರಿ ಬೇಕು. ಹಳೆಯ 800ಕ್ಕೆ ಅದನ್ನು ಒಗ್ಗಿಸುವುದು ಕಸುಬು ತಿಳಿದವರ ಕೆಲಸ. ಗುಜರಿಯ ಪೈಪ್ ತರುವುದಾದರೆ ಘಟ್ಟದ ಮೇಲಿನ ಊರಿನಲ್ಲಿ ಓಡಿದ ಕಾರಿನದ್ದನ್ನು ಮಾತ್ರ ತನ್ನಿ. ಕರಾವಳಿಯ ಗುಜರಿಯಲ್ಲಿರುವುದಕ್ಕೂ ನಿಮ್ಮ ಕಾರಿನಲ್ಲಿರುವುದಕ್ಕೂ ತುಕ್ಕಿನಲ್ಲಿ ವ್ಯತ್ಯಾಸವಿರದು.

ಎಂ-ಸೀಲ್, ಸೋಪು, ಸೈಕಲ್ ಟ್ಯೂಬಿನ ಪಟ್ಟಿ? ದಾರಿಯಲ್ಲಿ ಕೈಕೊಟ್ಟಾಗ ಸೋಪು ಒತ್ತಿ ಕಾರ್ಬ್ಯುರೇಟರ್ ಕಾರನ್ನು ಬಯಲಿನ ಬದಿಗೆ ಸರಿಸಬಹುದು, ಅಷ್ಟೇ. ಬೆಸುಗೆಯ ಹೆಸರನ್ನೇ ಎತ್ತಬೇಡಿ. ಖಾಲಿ ಟ್ಯಾಂಕಿನಲ್ಲಿ, ಖಾಲಿ ಪೈಪಿನಲ್ಲಿ ಉಳಿದ ಆವಿ ತುಂಬಿದ ಪೆಟ್ರೋಲಿಗಿಂತ ಹೆಚ್ಚು ಸಿಡಿಯುತ್ತದೆ.

ಕೆಲಸಕ್ಕೆ ಇಳಿಯುವಾಗ

ರಬ್ಬರ್ ತುಂಡುಗಳನ್ನು, ಅದೂ ಕಾರ್ಬ್ಯುರೇಟರ್ ಕಾರಿನಲ್ಲಿ, ಕೈಚಳಕವಿರುವವರು ಮನೆಯಲ್ಲೇ ಬದಲಿಸಬಹುದು. ಕಬ್ಬಿಣದ ಪೈಪನ್ನು ಮತ್ತು ಎಂಪಿಎಫ್‌ಐ ಕಾರನ್ನು ಅನುಭವಿಗಳಿಗೆ ಬಿಡಿ. ಯಾರೇ ಮಾಡಲಿ, ನೀವು ಪಕ್ಕದಲ್ಲಿ ನಿಂತು ಕೆಲವನ್ನು ಕೇಳಿಯೇ ತೀರಬೇಕು. ಕಾರು ಬಯಲಿನಲ್ಲಿರಲಿ, ಕೊಟ್ಟಿಗೆಯೊಳಗೂ ಬೇಡ, ಕೆಳಗಿಳಿದು ನೋಡುವ ಗುಂಡಿಯ ಮೇಲೂ ಬೇಡ. ಭಾರದ ಆವಿ ಗುಂಡಿಯಲ್ಲೇ ನಿಲ್ಲುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಕಳಚಲಿ. ಎಂಪಿಎಫ್‌ಐ ಆದರೆ ಅದಕ್ಕೂ ಮೊದಲು ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಪೈಪಿನ ಒತ್ತಡ ಇಳಿಸಬೇಕು. ಆದರೆ ಸಿಂಚನ ಕಾಣುತ್ತಿರುವ ಕಾರಿನಲ್ಲಿ ಎಂಜಿನ್ ಚಾಲೂ ಮಾಡುವಂತಿಲ್ಲ. ಅಲ್ಲಿ ಪೈಪಿಗೆ ದಪ್ಪ ಬಟ್ಟೆ ಸುತ್ತಿ ಮೆಲ್ಲಗೆ ಸಡಿಲಿಸುವುದೇ ದಾರಿ. ಬಿಸಿಯಾಗುವ ಬಲ್ಬಿನ ದೀಪ ಬೇಡ, ಎಲ್ಇಡಿ ಟಾರ್ಚ್ ಸಾಕು. ಜಾಕ್ ಒಂದನ್ನೇ ನಂಬಿ ಯಾರೂ ಕೆಳಗೆ ನುಸುಳಬಾರದು, ಸ್ಟ್ಯಾಂಡ್ ಬೇಕು. ಬಾಯಿಯಿಂದ ಪೆಟ್ರೋಲ್ ಎಳೆಯುವ ಅಭ್ಯಾಸ ಎಷ್ಟು ಹಳೆಯದಾದರೂ ಕೆಟ್ಟದ್ದೇ. ಶ್ವಾಸಕೋಶಕ್ಕೆ ಒಂದು ಗುಟುಕು ಹೋದರೂ ಆಸ್ಪತ್ರೆ. ಒಣ ಪುಡಿಯ ಅಗ್ನಿಶಾಮಕ ಇಲ್ಲವಾದರೆ ಎರಡು ಬುಟ್ಟಿ ಒಣ ಮರಳು ಕೈಗೆಟಕುವಲ್ಲಿರಲಿ. ನೀರು ಹಾಕಿದರೆ ಉರಿಯುವ ಪೆಟ್ರೋಲ್ ಅದರ ಮೇಲೆ ತೇಲಿಕೊಂಡು ಹರಡುತ್ತದೆ.

ಕೆಲಸ ಮುಗಿದ ಮೇಲೆ ಪೈಪನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ ಬಿಳಿಯ ಬದಿ ಮೇಲೆ ಬರುವಂತೆ ಕಾರಿನ ಅಡಿಗೆ ಹಾಸಿ. ಎಂಜಿನ್ ಬಿಸಿಯಾಗುವಷ್ಟು ಹೊತ್ತು ಓಡಲಿ, ಬೆರಳಿಗೆ ಕಾಗದದ ಚೂರು ಸುತ್ತಿ ಒಂದೊಂದು ಜೋಡಣೆಯ ಸುತ್ತಲೂ ಒತ್ತಿ ನೋಡಿ. ಹನಿ ಬಿದ್ದರೂ ಬೇಗ ಆರಿಹೋಗುವುದರಿಂದ ಆಗಾಗ ಬಗ್ಗಿ ನೋಡುತ್ತಿರಬೇಕು. ಮರುದಿನ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ ಇನ್ನೊಮ್ಮೆ ನೋಡಿ, ಸಡಿಲವಾದ ಕ್ಲಿಪ್ ಇದ್ದರೆ ಕಾಲು ಸುತ್ತು ಬಿಗಿಯಿರಿ. ಆಮೇಲೆ ಟ್ಯಾಂಕ್ ತುಂಬಿಸಿಕೊಂಡು ಬಂದು, ರಾತ್ರಿಯಿಡೀ ಹೊಸ ಹಾಳೆಯ ಮೇಲೆ ನಿಲ್ಲಿಸಿ. ನಾವು ಮೂರು ರಾತ್ರಿ ಕಾರನ್ನು ಅಂಗಳದಲ್ಲೇ, ಮಳೆಗೆ ತಾಡಪಾಲು ಹೊದಿಸಿ ಇಟ್ಟೆವು. ನಾಲ್ಕನೆಯ ಬೆಳಗ್ಗೆ ಹೆಂಡತಿ ಕೊಟ್ಟಿಗೆಗೂ ಹೋಗಿ ಮೂಗಾಡಿಸಿ, ಕಾರಿನ ಸುತ್ತ ಒಂದು ಸುತ್ತು ಬಂದು, ಆಮೇಲೆ ಒಲೆಗೆ ಬೆಂಕಿ ಹಾಕಿದಳು.